ಉಳಿಸಿದ ಸಮಯ ಎಲ್ಲಿ ಹೋಯಿತು?

“ಬರಬೇಕೆಂದು ಮನಸ್ಸಿದೆ ಅಂಕಲ್, ಆದರೆ ಟೈಮೇ ಸಿಗುವುದಿಲ್ಲ.”

ಸಂಘದ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಹಿಡಿದು ಮನೆಮನೆಗೆ ಹೋಗುವ ನನ್ನಂಥವರಿಗೆ ನಿಮ್ಮಿಂದ ಸಿಗುವ ಉತ್ತರ ಬಹುಮಟ್ಟಿಗೆ ಇದೇ. ಇದು ಬರೀ ನೆಪವೆಂದು ಕೆಲವು ಹಿರಿಯರು ಗೊಣಗುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ, ನಿಮಗೆ ನಿಜಕ್ಕೂ ಸಮಯವಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಸಮಯ ಉಳಿಸುವ ಸಾಮಾನುಗಳು ನಿಮ್ಮ ಮನೆಯಲ್ಲಿರುವಷ್ಟು ನಿಮ್ಮ ಅಜ್ಜಿಯ ಮನೆಯಲ್ಲಿ ಎಂದಾದರೂ ಇದ್ದವೇ? ಅವರು ಬಾವಿಯಿಂದ ನೀರು ಸೇದಿದರು, ಸೌದೆ ಒಲೆ ಊದಿದರು, ರುಬ್ಬುವ ಕಲ್ಲಿನ ಮುಂದೆ ಕುಳಿತು ಅಕ್ಕಿ ಉದ್ದು ರುಬ್ಬಿದರು. ನಿಮ್ಮ ತಂದೆ ಲೈಟ್ ಬಿಲ್ ಕಟ್ಟಲು ಸಾಲಿನಲ್ಲಿ ನಿಂತರು, ಬ್ಯಾಂಕಿನಲ್ಲಿ ಹಿತ್ತಾಳೆಯ ಟೋಕನ್ ಹಿಡಿದು ಕಾದರು, ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕುಳಿತರು. 1998ರಲ್ಲಿ ಕೊಂಕಣ ರೈಲು ಓಡತೊಡಗುವ ತನಕ ಮುಂಬಯಿಯಿಂದ ಮಂಗಳೂರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಈಗ ಬಿಲ್ಲೂ ಬ್ಯಾಂಕೂ ಟಿಕೆಟೂ ನಿಮ್ಮ ಅಂಗೈಯ ಫೋನಿನಲ್ಲಿವೆ.

ಹಾಗಾದರೆ ಹೀಗೆ ಉಳಿದ ಗಂಟೆಗಳೆಲ್ಲ ಎಲ್ಲಿ ಹೋದವು? ಅಜ್ಜಿಗೆ ಸಂಜೆ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಲು ಸಮಯವಿತ್ತು. ನಿಮಗೆ ಊಟ ಮಾಡಲೂ ಇಲ್ಲ.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನಲ್ಲಿದ್ದವನು, ಅದರಲ್ಲಿ ಬಹುಕಾಲ ಸಾಲ ವಿಭಾಗದಲ್ಲಿ. ಲೆಕ್ಕ ಬಿಟ್ಟರೆ ಬೇರೇನೂ ಬಾರದ ಮನುಷ್ಯ. ಆದ್ದರಿಂದ ಈ ಪ್ರಶ್ನೆಯನ್ನೂ ಲೆಕ್ಕದ ದಾರಿಯಲ್ಲೇ ಹಿಡಿದು ನೋಡಿದೆ. ಅರ್ಥಶಾಸ್ತ್ರವೆಂದರೆ ಬಜೆಟ್ಟು, ಷೇರು ಪೇಟೆ, ರಿಸರ್ವ್ ಬ್ಯಾಂಕು ಎಂದು ನೀವು ತಿಳಿದಿರಬಹುದು. ಅದರ ತಿರುಳು ಬಹಳ ಸಣ್ಣದು: ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು, ಹಾಗೆ ಬಿಟ್ಟದ್ದೇ ಪಡೆದದ್ದರ ನಿಜವಾದ ಬೆಲೆ. ಪಂಡಿತರು ಇದನ್ನು ಅವಕಾಶ ವೆಚ್ಚ ಎನ್ನುತ್ತಾರೆ. ಅಂಗಡಿಯ ಚೀಟಿಯ ಮೇಲೆ ಅಚ್ಚಾಗಿರುವ ಬೆಲೆಗೂ ಇದಕ್ಕೂ ಅನೇಕ ವೇಳೆ ಸಂಬಂಧವೇ ಇರುವುದಿಲ್ಲ.

ಕಾರಿನ ನಿಜವಾದ ವೇಗ

ನನ್ನ ಪರಿಚಿತರೊಬ್ಬರ ಮಗ, ಇಪ್ಪತ್ತೇಳರ ಹುಡುಗ, ಒಂದು ಭಾನುವಾರ ಕಾರು ಕಂಪೆನಿಯ ಬಣ್ಣದ ಹಾಳೆಗಳನ್ನು ಹಿಡಿದು ಮನೆಗೆ ಬಂದ. ಮುಲುಂಡಿನಲ್ಲಿ ಮನೆ, ಲೋವರ್ ಪರೇಲಿನಲ್ಲಿ ಕಚೇರಿ. ಒಂದು ಕಾಲಕ್ಕೆ ಗಿರಣಿಯ ಭೋಂಗಾ ಕೂಗುತ್ತಿದ್ದ ಜಾಗದಲ್ಲಿ ಈಗ ಎದ್ದಿರುವ ಗಾಜಿನ ಕಟ್ಟಡಗಳಲ್ಲೊಂದು. “ಅಂಕಲ್, ಲೋಕಲಿನಲ್ಲಿ ಜೋತಾಡಿ ಸಾಕಾಯಿತು. ಕಾರು ತಗೊಂಡರೆ ದಿನಕ್ಕೆ ಅರ್ಧ ಗಂಟೆಯಾದರೂ ಉಳಿಯುತ್ತದೆ. ಸಾಲದ ಷರತ್ತು ಸರಿಯಿದೆಯೇ ನೋಡಿ” ಎಂದ. ಷರತ್ತು ಸರಿಯಾಗಿಯೇ ಇತ್ತು. ಆದರೂ ಒಂದು ಬಿಳಿ ಹಾಳೆ ತರಿಸಿದೆ. ನೀವೂ ಒಂದು ಹಾಳೆ ತೆಗೆದುಕೊಂಡು ನಿಮ್ಮದೇ ಅಂಕಿಗಳನ್ನು ಹಾಕುತ್ತಾ ಬನ್ನಿ.

ಮೊದಲು ನಿಮ್ಮ ಒಂದು ಗಂಟೆಯ ದರ. ಕೈಗೆ ಬರುವ ಸಂಬಳ ತಿಂಗಳಿಗೆ ರೂ. 60,000 ಎನ್ನಿ. ದಿನಕ್ಕೆ 8 ಗಂಟೆಯಂತೆ 25 ದಿನ, ಅಂದರೆ 200 ಗಂಟೆ ಕೆಲಸ. ಗಂಟೆಗೆ ರೂ. 300 ಬಂತು. ಇದು ಕಾಗದದ ಲೆಕ್ಕ. ಆ ಕೆಲಸಕ್ಕೆಂದೇ ದಿನಕ್ಕೆ ಮೂರು ಗಂಟೆ ದಾರಿಯಲ್ಲಿ ಕಳೆಯುತ್ತೀರಲ್ಲ, ಅದನ್ನು ನೀವು ಮೋಜಿಗಾಗಿ ಕಳೆಯುವುದಿಲ್ಲ. ಅದೂ ಕೆಲಸದ ಗಂಟೆಯೇ: 75 ಗಂಟೆ ಸೇರಿತು. ರೈಲಿನ ಪಾಸು, ರಿಕ್ಷಾಕ್ಕೆ ರೂ. 3,000, ಹೊರಗಿನ ಊಟ ಚಹಾಕ್ಕೆ 3,000, ಕಚೇರಿಗೆಂದೇ ಕೊಳ್ಳುವ ಬಟ್ಟೆ, ಬೂಟು, ಅವರಿವರ ಹುಟ್ಟುಹಬ್ಬದ ವಂತಿಗೆ ಎಂದು 1,000 ಕಳೆಯಿರಿ. ರೂ. 53,000ವನ್ನು 275 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 193 ರೂಪಾಯಿ. ಮುನ್ನೂರರ ಹುಡುಗ ಇನ್ನೂರಕ್ಕಿಂತ ಕೆಳಗೆ ಇಳಿದ. ಅವನ ಮುಖವೂ ಇಳಿಯಿತು, ನಾನು ಚಹಾ ತರಿಸಿದೆ.

ಇನ್ನು ಕಾರು. ಬೆಲೆ 8 ಲಕ್ಷ, ಕೈಯಿಂದ 1 ಲಕ್ಷ, ಉಳಿದ 7 ಲಕ್ಷ ಶೇಕಡಾ 9ರ ಬಡ್ಡಿಯಲ್ಲಿ 7 ವರ್ಷದ ಸಾಲ. ಮಾಸಿಕ ಕಂತು ಸುಮಾರು ರೂ. 11,260. ಮನೆಯಿಂದ ಕಚೇರಿಗೆ 25 ಕಿ.ಮೀ. ಎಂದರೆ ಹೋಗಿಬರಲು 50, ತಿಂಗಳಿಗೆ 1,250 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಟ್ಟರೂ 83 ಲೀಟರ್ ಪೆಟ್ರೋಲು, ಸುಮಾರು ರೂ. 8,600. ವಿಮೆ, ಸರ್ವೀಸ್, ಟಯರು ಇತ್ಯಾದಿ ತಿಂಗಳ ಲೆಕ್ಕದಲ್ಲಿ 3,000, ಸೊಸೈಟಿಯಲ್ಲೂ ಕಚೇರಿಯಲ್ಲೂ ನಿಲ್ಲಿಸಲು 2,000. ಒಟ್ಟು ರೂ. 24,860. ಗಂಟೆಗೆ 193ರಂತೆ ಈ ಹಣ ದುಡಿಯಲು 129 ಗಂಟೆ ಬೇಕು. ಅದರ ಮೇಲೆ ದಿನಕ್ಕೆ ಎರಡೂವರೆ ಗಂಟೆ ಸ್ಟಿಯರಿಂಗ್ ಹಿಡಿದು ಕೂರಬೇಕು, ಅದು ತಿಂಗಳಿಗೆ 62 ಗಂಟೆ ಚಿಲ್ಲರೆ. ಒಟ್ಟಿನಲ್ಲಿ 1,250 ಕಿ.ಮೀ. ಹೋಗಲು 191 ಗಂಟೆಗೂ ಹೆಚ್ಚು ಸವೆಯಿತು.

ಭಾಗಿಸಿ ನೋಡಿ. ಆ ಹೊಚ್ಚ ಹೊಸ ಕಾರಿನ ನಿಜವಾದ ವೇಗ ಗಂಟೆಗೆ ಆರೂವರೆ ಕಿಲೋಮೀಟರ್! ಬೆಳಿಗ್ಗೆ ಉದ್ಯಾನದಲ್ಲಿ ಬಿರುಸಾಗಿ ನಡೆಯುವ ನಮ್ಮ ಸಂಘದ ಹಿರಿಯ ಸದಸ್ಯರು ಇದಕ್ಕೆ ಹೆಚ್ಚು ಹಿಂದೆ ಬೀಳುವುದಿಲ್ಲ.

ಈಗ ಅದೇ ಲೆಕ್ಕವನ್ನು ಹುಡುಗ ಬಯ್ಯುತ್ತಿದ್ದ ಲೋಕಲಿಗೆ ಹಚ್ಚಿ. ದಾರಿಯಲ್ಲಿ 75 ಗಂಟೆ, ಪಾಸು ರಿಕ್ಷಾಗಳ 3,000 ರೂಪಾಯಿ ದುಡಿಯಲು ಹದಿನೈದೂವರೆ ಗಂಟೆ. ತೊಂಬತ್ತೂವರೆ ಗಂಟೆಯಲ್ಲಿ ಅದೇ 1,250 ಕಿ.ಮೀ., ಅಂದರೆ ಗಂಟೆಗೆ ಸುಮಾರು 14. ಕಾರಿನ ಎರಡು ಪಟ್ಟು ವೇಗ. ದಿನಕ್ಕೆ ಅರ್ಧ ಗಂಟೆ ಉಳಿಸಲು ಹೊರಟವನು ತಿಂಗಳಿಗೆ ನೂರು ಗಂಟೆ ಕಳೆದುಕೊಳ್ಳುವವನಿದ್ದ. ಆ ನೂರು ಗಂಟೆ ರಸ್ತೆಯಲ್ಲಿ ಕಾಣುವುದಿಲ್ಲ, ಕಚೇರಿಯ ಕುರ್ಚಿಯಲ್ಲಿ ಅಡಗಿ ಕುಳಿತಿರುತ್ತದೆ. ಅದಕ್ಕೇ ನಮಗೆ ಗೊತ್ತಾಗುವುದಿಲ್ಲ.

ಈ ಲೆಕ್ಕದ ಯುಕ್ತಿ ನನ್ನದಲ್ಲ. ಇವಾನ್ ಇಲಿಚ್ ಎಂಬ ಚಿಂತಕ 1974ರಲ್ಲಿ ಪ್ರಕಟವಾದ ‘ಎನರ್ಜಿ ಅಂಡ್ ಇಕ್ವಿಟಿ’ ಎಂಬ ಪುಟ್ಟ ಪುಸ್ತಕದಲ್ಲಿ ಇದನ್ನು ಅಮೆರಿಕದವರಿಗೆ ಮಾಡಿ ತೋರಿಸಿದ. ಅಲ್ಲಿನ ಸಾಮಾನ್ಯ ಗಂಡಸು ಕಾರಿಗಾಗಿ, ಅಂದರೆ ಓಡಿಸಲು, ನಿಲ್ಲಿಸಲು, ಅದರ ಕಂತು ಕಟ್ಟುವ ಹಣ ದುಡಿಯಲು, ವರ್ಷಕ್ಕೆ 1,600ಕ್ಕೂ ಹೆಚ್ಚು ಗಂಟೆ ಕೊಟ್ಟು 7,500 ಮೈಲಿ ಹೋಗುತ್ತಾನೆ, ಗಂಟೆಗೆ ಐದು ಮೈಲಿಯೂ ದಾಟುವುದಿಲ್ಲ ಎಂದು ಅವನ ಲೆಕ್ಕ. ಓದಿದಾಗ ಇದು ಚಮತ್ಕಾರದ ಮಾತು ಎಂದುಕೊಂಡಿದ್ದೆ. ಮುಲುಂಡಿನ ಹುಡುಗನ ಅಂಕಿಗಳನ್ನು ಹಾಕಿದ ಮೇಲೆ ನಗು ಬರಲಿಲ್ಲ.

ಕಾರಿನವರ ಪರವಾಗಿಯೂ ಎರಡು ಮಾತು ಹೇಳಬೇಕು. ಏಳು ವರ್ಷ ಕಳೆದು ಸಾಲ ತೀರಿದರೆ ವೇಗ ಒಂಬತ್ತು ಕಿ.ಮೀ. ದಾಟುತ್ತದೆ. ಮಾರಿದರೆ ಸ್ವಲ್ಪ ಹಣ ವಾಪಸು ಬರುತ್ತದೆ. ಸಂಬಳ ಎರಡರಷ್ಟಿದ್ದವರ ಲೆಕ್ಕ ಬೇರೆ. ಮತ್ತು ಎಂಟೂವರೆಯ ಫಾಸ್ಟ್ ಲೋಕಲಿನ ಬಾಗಿಲಲ್ಲಿ ಪ್ರಾಣವನ್ನೇ ಒತ್ತೆಯಿಟ್ಟು ನಿಂತವನಿಗೆ ವೇಗದ ಉಪದೇಶ ಮಾಡುವುದು ನಿವೃತ್ತನಾದ ನನಗೆ ಸುಲಭ.

ರಸ್ತೆ ಅಗಲವಾದರೆ?

“ಟ್ರಾಫಿಕ್ ಇಲ್ಲದಿದ್ದರೆ ನಿಮ್ಮ ಲೆಕ್ಕ ಸುಳ್ಳಾಗುತ್ತದೆ” ಎಂದ ಹುಡುಗ. ಸರಿಯೇ. ಹಾಗೆಂದೇ 1990ರ ದಶಕದ ಕೊನೆಯಲ್ಲಿ ಈ ನಗರದಲ್ಲಿ ಐವತ್ತಕ್ಕೂ ಹೆಚ್ಚು ಮೇಲ್ಸೇತುವೆಗಳ ಯೋಜನೆ ಹಾಕಿದರು. 2009ರಲ್ಲಿ ಬಾಂದ್ರಾ–ವರಳಿ ಸಮುದ್ರ ಸೇತುವೆ ಬಂತು, 2013ರಲ್ಲಿ ಪೂರ್ವದ ಫ್ರೀವೇ. ಪ್ರತಿಯೊಂದೂ ತೆರೆದ ಹೊಸತರಲ್ಲಿ ಹತ್ತು ನಿಮಿಷದಲ್ಲಿ ದಾಟಿದೆವೆಂದು ನಾವೆಲ್ಲ ಬೀಗಿದ್ದು ನೆನಪಿದೆ. ಆಮೇಲೆ?

ಆಂಥನಿ ಡೌನ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1962ರಲ್ಲೇ ಇದರ ಗುಟ್ಟನ್ನು ಹೇಳಿದ್ದ. ರಸ್ತೆ ಖಾಲಿಯಾದ ಸುದ್ದಿ ಹರಡಿದ ಕೂಡಲೇ ಬೇರೆ ದಾರಿಯಲ್ಲಿ ಹೋಗುತ್ತಿದ್ದವರು, ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು, ರೈಲಿನಲ್ಲಿದ್ದವರು ಎಲ್ಲರೂ ಇಲ್ಲಿಗೆ ನುಗ್ಗುತ್ತಾರೆ, ಮೊದಲಿನಷ್ಟೇ ಗದ್ದಲ ಆಗುವ ತನಕ. ಅಗಲವಾದ ರಸ್ತೆ ಹೊಸ ವಾಹನಗಳನ್ನು ಕರೆಯುತ್ತದೆ. ದುರಾಂತೋನ್ ಮತ್ತು ಟರ್ನರ್ ಎಂಬಿಬ್ಬರು ಅಮೆರಿಕದ ನಗರಗಳ ಅಂಕಿಅಂಶಗಳನ್ನು ಜಾಲಾಡಿ 2011ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಹೆದ್ದಾರಿಯ ಉದ್ದ ಎಷ್ಟು ಪಾಲು ಹೆಚ್ಚಿತೋ ವಾಹನಗಳ ಓಡಾಟವೂ ಹೆಚ್ಚು ಕಡಿಮೆ ಅಷ್ಟೇ ಪಾಲು ಹೆಚ್ಚಿತು. ಬಿಟ್ಟಿ ಸಿಗುವ ವಸ್ತುವಿಗೆ ಕ್ಯೂ ಇದ್ದೇ ಇರುತ್ತದೆ. ರೇಷನ್ ಅಂಗಡಿಯ ಮುಂದೆ ನಿಂತ ನಮ್ಮ ತಲೆಮಾರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಅಡಿಗೆಮನೆಯ ಕಥೆಯೂ ಇದೇ ಜಾಡಿನದು. ಅಮೆರಿಕದಲ್ಲಿ ಮನೆವಾರ್ತೆಯಲ್ಲೇ ಇರುವ ಹೆಂಗಸರು 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದರೆ, 1960ರ ದಶಕದಲ್ಲಿ, ಬಟ್ಟೆ ಒಗೆಯುವ ಯಂತ್ರ, ಫ್ರಿಜ್ಜು, ಗ್ಯಾಸು ಎಲ್ಲ ಬಂದ ಮೇಲೆ, 55 ಗಂಟೆ ಮಾಡುತ್ತಿದ್ದರೆಂದು ಜೋಆನ್ ವ್ಯಾನೆಕ್ ಎಂಬ ಸಂಶೋಧಕಿ 1974ರಲ್ಲಿ ತೋರಿಸಿದರು. ಹೇಗೆ? ವಾರಕ್ಕೊಮ್ಮೆ ಬದಲಿಸುತ್ತಿದ್ದ ಬಟ್ಟೆಯನ್ನು ದಿನವೂ ಬದಲಿಸತೊಡಗಿದರು. ಹೊರಗಿನವರು ಮಾಡಿಕೊಡುತ್ತಿದ್ದ ಕೆಲಸ ಮನೆಯೊಳಗೆ ಬಂತು. ರೂತ್ ಶ್ವಾರ್ಟ್ಸ್ ಕೊವನ್ 1983ರಲ್ಲಿ ಈ ಬಗ್ಗೆ ಬರೆದ ಪುಸ್ತಕಕ್ಕೆ ‘ಅಮ್ಮನಿಗೆ ಇನ್ನಷ್ಟು ಕೆಲಸ’ ಎಂಬ ಅರ್ಥದ ಹೆಸರನ್ನೇ ಇಟ್ಟರು. ನಿಮ್ಮ ಅಮ್ಮನನ್ನೇ ಕೇಳಿ. ರುಬ್ಬುವ ಕಲ್ಲಿದ್ದಾಗ ದೋಸೆ ವಾರಕ್ಕೆ ಎರಡು ಸಲ, ಚಟ್ನಿ ಒಂದೇ ಬಗೆ. ಮಿಕ್ಸಿ ಬಂದ ಮೇಲೆ ಬೆಳಿಗ್ಗೆ ಮಗನಿಗೆ ದೋಸೆ, ಮಗಳಿಗೆ ಸ್ಯಾಂಡ್‌ವಿಚ್, ಯಜಮಾನರಿಗೆ ಸಕ್ಕರೆ ಕಾಯಿಲೆಯ ರಾಗಿ ಗಂಜಿ. ಯಂತ್ರ ಉಳಿಸಿದ ಹೊತ್ತನ್ನು ನಮ್ಮ ನಾಲಗೆ ತಿಂದಿತು!

ಸ್ವಂತ ಮನೆ

ಈಗ ಬಿಸಿಬಿಸಿ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಅನೇಕರು ಮದುವೆಗೆ ಮೊದಲೋ ನಂತರವೋ ಮನೆ ಕೊಳ್ಳುವ ಯೋಚನೆಯಲ್ಲಿದ್ದೀರಿ. “ಬಾಡಿಗೆ ಕೊಡುವುದೆಂದರೆ ಹಣ ನೀರಿಗೆ ಹಾಕಿದ ಹಾಗೆ” ಎಂದು ನಿಮ್ಮ ತಂದೆತಾಯಿ ಹೇಳಿರುತ್ತಾರೆ. ಸಾಲ ವಿಭಾಗದ ಮೇಜಿನ ಹಿಂದೆ ಕುಳಿತು ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ. ಆಗ ಬ್ಯಾಂಕಿನ ಲಾಭವೂ ಆ ಮಾತಿನಲ್ಲಿ ಸೇರಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬಹುದು.

ಆ ನಂಬಿಕೆ ಎಲ್ಲಿಂದ ಬಂತೆಂದು ಸ್ವಲ್ಪ ಕೆದಕೋಣ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಈ ನಗರದ ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಡ ಬಾಡಿಗೆದಾರನಿಗೆ ನೆರಳಾಗಲೆಂಬ ಸದುದ್ದೇಶ. ಒಳಗಿದ್ದವರಿಗೆ ಅದು ನೆರಳಾದದ್ದೂ ನಿಜ. ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮವರು ಚಾಳಿನ ಒಂದು ಖೋಲಿಯಲ್ಲಿ ಸಂಸಾರ ಹೂಡಲು ಸಾಧ್ಯವಾದದ್ದು ಅದರಿಂದಲೇ. ಆದರೆ ಹೊಸದಾಗಿ ಬಾಡಿಗೆಗೆಂದು ಮನೆ ಕಟ್ಟುವವರು ಇಲ್ಲವಾದರು, ಇದ್ದ ಮಾಲೀಕ ಸೋರುವ ಮಾಳಿಗೆಗೆ ಒಂದು ಹಂಚನ್ನೂ ಹಾಕಿಸಲಿಲ್ಲ, ಬಾಡಿಗೆಯ ಕೊರತೆಯನ್ನು ಪಗಡಿಯ ರೂಪದಲ್ಲಿ ವಸೂಲು ಮಾಡಿದರು. 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಹೆಪ್ಪುಗಟ್ಟಿದ ಬಾಡಿಗೆ ನ್ಯಾಯವಲ್ಲವೆಂದು ಹೇಳಿತು. ಆ ಮೊಕದ್ದಮೆಯ ಹೆಸರಿನಲ್ಲೇ ನಮ್ಮ ಮಲ್ಪೆ ಇರುವುದು ಒಂದು ಸ್ವಾರಸ್ಯ. ಮುಂದೆ 1999ರ ಹೊಸ ಕಾಯಿದೆ ಬಂದು 2000ದಲ್ಲಿ ಜಾರಿಯಾಯಿತು. ಅಷ್ಟರಲ್ಲಿ ಎರಡು ತಲೆಮಾರು ಕಳೆದಿತ್ತು. ಯೋಗ್ಯವಾದ ಬಾಡಿಗೆ ಮನೆಯೇ ಸಿಗದ ಊರಿನಲ್ಲಿ “ಸ್ವಂತದ್ದು ಬೇಕು” ಎಂದ ನಿಮ್ಮ ತಂದೆಯ ಲೆಕ್ಕ ತಪ್ಪಾಗಿರಲಿಲ್ಲ. ಆ ಮೇಲೆ ಮನೆಯ ಬೆಲೆಗಳು ಏರಿ ಅವರನ್ನು ಇನ್ನಷ್ಟು ಸರಿ ಮಾಡಿದವು.

ನಿಮ್ಮ ಲೆಕ್ಕ ಬೇರೆ. ಒಂದು ಕೋಟಿಯ ಮನೆಗೆ ಇಂದು ತಿಂಗಳಿಗೆ ಸುಮಾರು ರೂ. 25,000 ಬಾಡಿಗೆ ಎಂದಿಟ್ಟುಕೊಳ್ಳಿ, ಅಂದರೆ ವರ್ಷಕ್ಕೆ ಬೆಲೆಯ ಶೇಕಡಾ 3. ಅದನ್ನೇ ಕೊಳ್ಳಲು 80 ಲಕ್ಷ ಸಾಲವನ್ನು ಶೇಕಡಾ ಎಂಟೂವರೆಯಲ್ಲಿ 20 ವರ್ಷಕ್ಕೆ ತೆಗೆದರೆ ಕಂತು ರೂ. 69,425. ಮೊದಲ ತಿಂಗಳ ಕಂತಿನಲ್ಲಿ ಬರೀ ಬಡ್ಡಿಯೇ ರೂ. 56,667. ಬಡ್ಡಿಯೆಂದರೆ ಹಣದ ಬಾಡಿಗೆ. ಮನೆಯ ಬಾಡಿಗೆ ನೀರಿಗೆ ಹೋಗುತ್ತದೆಂದರೆ ಹಣದ ಬಾಡಿಗೆ ಎಲ್ಲಿಗೆ ಹೋಯಿತು? ಅದೂ ಅದೇ ನೀರಿಗೆ, ಎರಡರಷ್ಟು. ಮನೆಯ ಬೆಲೆ ಮುಂದೆಯೂ ಹಿಂದಿನಂತೆಯೇ ಏರಿದರೆ ಈ ಅಂತರ ತುಂಬಿಬರಬಹುದು, ಏರದಿದ್ದರೆ ಇಲ್ಲ. ಹನ್ನೊಂದು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟುವ ಕಿರಿಕಿರಿ, ಮಕ್ಕಳ ಶಾಲೆ, ಇವೆಲ್ಲ ಸ್ವಂತ ಮನೆಯ ಪರವಾದ ಗಟ್ಟಿ ಕಾರಣಗಳು. ನಾನು ಬೇಡವೆನ್ನುವುದು ಮನೆಯನ್ನಲ್ಲ, ಲೆಕ್ಕ ಹಾಕದೆ ನಂಬುವುದನ್ನು.

ಕಂತು ಹೊರಲಾಗದೆ ನೀವು ಏನು ಮಾಡುತ್ತೀರಿ? ದೂರ ಹೋಗುತ್ತೀರಿ. ಬದಲಾಪುರ, ವಿರಾರ್, ಇನ್ನೂ ಆಚೆ. ಕಂತಿನಲ್ಲಿ ತಿಂಗಳಿಗೆ ರೂ. 15,000 ಉಳಿಯುತ್ತದೆ, ದಾರಿಗೆ ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ಬೀಳುತ್ತದೆ ಎನ್ನಿ. ತಿಂಗಳಿಗೆ ಮೂವತ್ತೇಳೂವರೆ ಗಂಟೆ. ಗಂಟೆಗೆ 193ರಂತೆ ರೂ. 7,237. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ರೂ. 14,475. ಹದಿನೈದು ಸಾವಿರ ಉಳಿಸಿದೆವೆಂದು ಸತ್ಯನಾರಾಯಣ ಪೂಜೆ ಮಾಡಿದವರಿಗೆ ನಿಜಕ್ಕೂ ಉಳಿದದ್ದು ರೂ. 525.

ಸ್ಟುಟ್ಸರ್ ಮತ್ತು ಫ್ರೈ ಎಂಬ ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರು ಜರ್ಮನಿಯ ಜನರ ಬಗ್ಗೆ ಇದನ್ನೇ ಪರೀಕ್ಷಿಸಿ 2008ರಲ್ಲಿ ಬರೆದರು. ಪುಸ್ತಕದ ಸಿದ್ಧಾಂತದ ಪ್ರಕಾರ ದೂರದಿಂದ ಬರುವವನಿಗೆ ಅಗ್ಗದ ಮನೆಯೋ ಹೆಚ್ಚಿನ ಸಂಬಳವೋ ಸಿಕ್ಕು ನಷ್ಟ ಸರಿಹೋಗಬೇಕು. ಹಾಗಾಗಿರಲಿಲ್ಲ. ದಾರಿ ಉದ್ದವಾದಷ್ಟೂ ಜನ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡರು. ಮನೆಯ ಕಿಟಕಿಯನ್ನು ಒಮ್ಮೆ ನೋಡಿ ಕೊಳ್ಳುತ್ತೇವೆ, ರೈಲನ್ನು ಮಾತ್ರ ದಿನವೂ ಹತ್ತಬೇಕು. ಇದು ಅವರ ಮಾತಲ್ಲ, ಕಲ್ಯಾಣದಿಂದ ಓಡಾಡಿದ ನನ್ನದು.

ಹುಡುಗನ ಪ್ರಶ್ನೆ

ಇಷ್ಟು ಹೊತ್ತು ಸುಮ್ಮನಿದ್ದ ಹುಡುಗ ಇಲ್ಲಿ ನನ್ನನ್ನು ಹಿಡಿದ. “ಅಂಕಲ್, ರೈಲಿನಲ್ಲಿ ಹೋದ ಗಂಟೆಗೆ 193 ರೂಪಾಯಿ ಹಾಕಿದಿರಿ. ಆ ಗಂಟೆ ನನಗೆ ವಾಪಸು ಸಿಕ್ಕಿದರೆ ಯಾರು 193 ಕೊಟ್ಟು ಕೊಳ್ಳುತ್ತಾರೆ? ನನ್ನದು ತಿಂಗಳ ಸಂಬಳ. ಒಂದು ಗಂಟೆ ಹೆಚ್ಚು ಕುಳಿತರೂ ಕಂಪೆನಿ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ.”

ನಿಜ ಹೇಳುತ್ತೇನೆ, ನಾನು ತಡವರಿಸಿದೆ. ಎರಡು ದಿನ ಯೋಚಿಸಿ ಅವನಿಗೆ ಫೋನು ಮಾಡಿದೆ. ನನ್ನ ಹಾಳೆಯಲ್ಲಿ ಎರಡು ಬಗೆಯ ಲೆಕ್ಕ ಕಲಸಿಹೋಗಿತ್ತು. ಕಾರಿನ ಹಣವನ್ನು ಗಂಟೆಗೆ ಬದಲಿಸಿದ್ದು ಗಟ್ಟಿ ಲೆಕ್ಕ. ಆ ಹಣಕ್ಕಾಗಿ ಅಷ್ಟು ಗಂಟೆ ನಿಜವಾಗಿ ದುಡಿಯಬೇಕು, ಅದರಲ್ಲಿ ವಾದವಿಲ್ಲ. ದೂರದ ಮನೆಯ ಗಂಟೆಯನ್ನು ಹಣಕ್ಕೆ ಬದಲಿಸಿದ್ದು ಮಾತ್ರ ನನ್ನ ಅಭಿಪ್ರಾಯ. ಆ ಗಂಟೆಗೆ ಪೇಟೆಯಲ್ಲಿ ಗಿರಾಕಿಯಿಲ್ಲ. ಅದರಲ್ಲಿ ನೀವು ಮಗಳಿಗೆ ಕಥೆ ಹೇಳುತ್ತೀರೋ ಬರೀ ನಿದ್ದೆ ಮಾಡುತ್ತೀರೋ, ಅದರ ಬೆಲೆ ಹಾಕಬೇಕಾದವರು ನೀವೇ. 193 ಇರಬಹುದು, 50 ಇರಬಹುದು, 1,000 ಇರಬಹುದು.

ಹುಡುಗನ ಈ ಪ್ರಶ್ನೆಯೇ ಮೊದಲಿನ ಒಗಟಿಗೂ ಕೀಲಿಕೈ ಎಂದು ನನಗೆ ಹೊಳೆದದ್ದು ಆಮೇಲೆ. ಕೇನ್ಸ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞ 1930ರಲ್ಲಿ ‘ನಮ್ಮ ಮೊಮ್ಮಕ್ಕಳ ಆರ್ಥಿಕ ಸಾಧ್ಯತೆಗಳು’ ಎಂಬ ಅರ್ಥದ ಲೇಖನ ಬರೆದ. ನೂರು ವರ್ಷದಲ್ಲಿ ಜನ ನಾಲ್ಕರಿಂದ ಎಂಟು ಪಟ್ಟು ಸಿರಿವಂತರಾಗುತ್ತಾರೆ, ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕಾಗುತ್ತದೆ ಎಂದು ಅವನ ಎಣಿಕೆ. ಸಿರಿಯ ಮಾತು ಅವನ ಬ್ರಿಟನ್ನಿನಲ್ಲಿ ನಿಜವಾಯಿತು. ಹದಿನೈದು ಗಂಟೆ ಮಾತ್ರ ಎಲ್ಲಿಯೂ ಬರಲಿಲ್ಲ. ಅದಕ್ಕೊಂದು ಕಾರಣವನ್ನು ಸ್ಟಾಫನ್ ಲಿಂಡರ್ ಎಂಬ ಸ್ವೀಡನ್ನಿನ ಅರ್ಥಶಾಸ್ತ್ರಜ್ಞ 1970ರಲ್ಲಿ ಕೊಟ್ಟ. ಸಂಬಳ ಏರಿದಂತೆ ಸುಮ್ಮನೆ ಕುಳಿತ ಗಂಟೆಯ ಬೆಲೆಯೂ ಏರುತ್ತದೆ. ಗಂಟೆ ದುಬಾರಿಯಾದಂತೆ ಅದನ್ನು ಸುಮ್ಮನೆ ಕಳೆಯಲು ಕೈ ಹಿಂಜರಿಯುತ್ತದೆ, ಒಂದೇ ಗಂಟೆಯೊಳಗೆ ನಾಲ್ಕು ವಿಷಯ ತುರುಕುತ್ತೇವೆ: ಊಟ, ಸುದ್ದಿ, ಫೋನು, ನಡುವೆ ಹೆಂಡತಿಯ ಮಾತು. ಸಿರಿ ಹೆಚ್ಚಿದಷ್ಟೂ ಧಾವಂತ ಹೆಚ್ಚು.

ನಿಮ್ಮ ತಂದೆಯ ಕಾಲಕ್ಕೆ ಹೋಗಿ. ಊರಿನ ಯಕ್ಷಗಾನ ಮೇಳ ಮುಂಬಯಿಗೆ ಬಂದರೆ ಹೊಟೇಲಿನ ಹುಡುಗರು ಕೆಲಸ ಮುಗಿಸಿ ಬಂದು ಬೆಳಗಾಗುವ ತನಕ ಆಟ ನೋಡುತ್ತಿದ್ದರು, ಮತ್ತೆ ಮುಂಜಾನೆ ಇಡ್ಲಿ ಪಾತ್ರೆಯ ಮುಂದೆ ನಿಲ್ಲುತ್ತಿದ್ದರು. ಅವರಿಗೆ ನಿಮಗಿಂತ ಹೆಚ್ಚು ಬಿಡುವಿತ್ತೇ? ಖಂಡಿತ ಇಲ್ಲ. ಅವರ ಗಂಟೆ ಅಗ್ಗವಾಗಿತ್ತು, ಆದ್ದರಿಂದ ಧಾರಾಳವಾಗಿ ಖರ್ಚು ಮಾಡಿದರು. ಆ ಕಾಲವೇ ಚೆನ್ನಾಗಿತ್ತು ಎಂಬ ರಾಗವನ್ನು ನಾನು ಹಾಡುವವನಲ್ಲ. ಅಗ್ಗದ ಗಂಟೆಯ ಬದುಕು ಎಷ್ಟು ಕಷ್ಟದ್ದೆಂದು ಅದನ್ನು ಬಾಳಿದವರನ್ನು ಕೇಳಿ. ನಿಮ್ಮನ್ನು ಓದಿಸಿ ನಿಮ್ಮ ಗಂಟೆಯನ್ನು ದುಬಾರಿ ಮಾಡಲೆಂದೇ ಅವರು ದುಡಿದರು.

ಆದರೆ ಹುಡುಗ ಹೇಳಿದ್ದನ್ನು ಮರೆಯಬೇಡಿ. ನಿಮ್ಮ ಭಾನುವಾರದ ಸಂಜೆಗೆ ಯಾವ ಕಂಪೆನಿಯೂ ಬೆಲೆ ಕೊಡುವುದಿಲ್ಲ. ಗಂಟೆಗೆ ಮುನ್ನೂರೆಂಬ ಚೀಟಿಯನ್ನು ಅದಕ್ಕೆ ಅಂಟಿಸಿ ಇದನ್ನು ಪೋಲು ಮಾಡಲಾಗದು ಎಂದು ಚಡಪಡಿಸುವವರು ನೀವೇ, ಆಮೇಲೆ ಅದನ್ನು ಫೋನಿನ ಪರದೆಗೆ ಪುಕ್ಕಟೆ ಕೊಡುವವರೂ ನೀವೇ. ಅಜ್ಜಿಯ ಜೊತೆ ಕನ್ನಡದಲ್ಲಿ ಅರ್ಧ ಗಂಟೆ ತಡವರಿಸುವುದೋ, ಸಂಘದ ನಾಟಕದ ತಾಲೀಮಿಗೆ ಬರುವುದೋ ದುಬಾರಿ ಎನಿಸಿದರೆ ಎನಿಸಲಿ. ಯಾವುದಕ್ಕೆ ಹೋಲಿಸಿ ದುಬಾರಿ ಎಂಬುದನ್ನು ಹಾಳೆಯ ಇನ್ನೊಂದು ಬದಿಯಲ್ಲಿ ಬರೆಯಿರಿ.

ಹುಡುಗ ಇನ್ನೂ ಕಾರು ಕೊಂಡಿಲ್ಲ, ಬೇಡವೆಂದೂ ನಿರ್ಧರಿಸಿಲ್ಲ. ಹೋದ ವಾರ ಅದೇ ಹಾಳೆ ಹಿಡಿದು ಮತ್ತೆ ಬಂದಿದ್ದ. ನಾನು ಬಿಟ್ಟಿದ್ದ ಒಂದು ಸಾಲನ್ನು ಕೆಳಗೆ ಸೇರಿಸಿದ್ದ: ಜುಲೈ ಮಳೆ, ರಾತ್ರಿ ಹನ್ನೊಂದು ಗಂಟೆ, ಅಮ್ಮನಿಗೆ ಉಬ್ಬಸ, ರಿಕ್ಷಾ ಸಿಗುವುದಿಲ್ಲ. ಅದರ ಎದುರು ಎಷ್ಟು ಬರೆಯುವುದೆಂದು ಕೇಳಿದ. ಇಬ್ಬರೂ ಸ್ವಲ್ಪ ಹೊತ್ತು ಲೆಕ್ಕ ಹಾಕಿದೆವು, ಅಂಕಿ ಕೂಡಿಬರಲಿಲ್ಲ. ಸದ್ಯಕ್ಕೆ ಆ ಜಾಗ ಖಾಲಿ ಬಿಟ್ಟಿದ್ದೇವೆ.